ಬೀಗರ ಗೋಡೆಗೆ ತೂಗುಗುಂಡು

ಶಿರವಾಳದ ಸಹಕಾರಿ ಸಂಘದ ಗುಮಾಸ್ತ ಈಶಪ್ಪನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ. ಒಂದು ಮೊಳೆಯನ್ನು ನೆಟ್ಟಗೆ ಹೊಡೆಯುವ ಕೈಯನ್ನು ಮಾತ್ರ ಕೊಟ್ಟಿರಲಿಲ್ಲ. ಇದು ಅವನಿಗೆ ಗೊತ್ತಿತ್ತು, ಅವನ ಹೆಂಡತಿ ಮೋನಮ್ಮನಿಗೆ ಗೊತ್ತಿತ್ತು, ಮನೆಯ ಗೋಡೆಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕ್ಯಾಲೆಂಡರು ತೂಗುಹಾಕಲು ಅವನು ಮಾಡಿದ ಪ್ರಯತ್ನಗಳ ಗುರುತು ಗೋಡೆಯ ಮೈಮೇಲೆ ಸಿಡುಬಿನ ಕಲೆಗಳಂತೆ ಉಳಿದಿತ್ತು. ಕ್ಯಾಲೆಂಡರು ಕಿಟಕಿಯ ಸರಳಿಗೆ ಜೋತುಬಿದ್ದು ಗಾಳಿ ಬಂದಾಗಲೆಲ್ಲ ತಿಂಗಳು ಬದಲಾಯಿಸುತ್ತಿತ್ತು. ಇಂಥ ಮನುಷ್ಯ ತನ್ನ ಪಾಡಿಗೆ ತಾನು ಯೂರಿಯಾ ಚೀಲ ಹಂಚಿಕೊಂಡು ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ತೊಂದರೆ ಎಂಬುದು ಜೀಪಿನಲ್ಲಿ ಬಂತು.

ಆಗ ಕಾಲುವೆ ನೀರು ಬಂದ ಹೊಸತು. ಶಹಾಪುರ, ಸುರಪುರದ ಸೀಮೆಯಲ್ಲಿ ಎಲ್ಲಿ ನೋಡಿದರೂ ಜೀಪು, ಎಲ್ಲಿ ನೋಡಿದರೂ ಇಂಜಿನಿಯರು, ಎಲ್ಲಿ ನೋಡಿದರೂ ನೆಲಕ್ಕೆ ಬಡಿದ ಸಣ್ಣ ಗೂಟ. ಒಂದು ದಿನ ಕಾಲುವೆ ಕ್ಯಾಂಪಿನ ಇಂಜಿನಿಯರು ಯಾವುದೋ ಕೆಲಸಕ್ಕೆ ಸಂಘದ ಆಫೀಸಿಗೆ ಬಂದರು. ಅದೇ ಹೊತ್ತಿಗೆ ಈಶಪ್ಪನ ಮೇಜಿನ ಡ್ರಾವರು ಸಿಕ್ಕಿಹಾಕಿಕೊಂಡಿತ್ತು. ಅದರೊಳಗೆ ಸಂಘದ ಮುದ್ರೆ. ಈಶಪ್ಪ ಎಳೆದ, ಗುದ್ದಿದ, ಕೊನೆಗೆ ಮೇಜಿಗೆ ಕಾಲು ಒತ್ತಿ ಹಿಂದಕ್ಕೆ ಜಗ್ಗಿ ಕುರ್ಚಿಯ ಸಮೇತ ಗೋಡೆಗೆ ಹೋಗಿ ಬಡಿದ. ಇಂಜಿನಿಯರು ನಗಲಿಲ್ಲ. ಸೊಂಟದ ಪಟ್ಟಿಗೆ ಸಿಕ್ಕಿಸಿದ್ದ ಪುಟ್ಟ ಚರ್ಮದ ಚೀಲ ಬಿಚ್ಚಿ, ಏನೋ ಒಂದನ್ನು ತೆಗೆದು, ಡ್ರಾವರಿನ ಬಾಯಿಗೆ ಹಾಕಿ ಟಕ್ ಎನ್ನಿಸಿದರು. ಡ್ರಾವರು ಹೊಸ ಸೊಸೆಯಂತೆ ಮೆಲ್ಲಗೆ ಹೊರಗೆ ಬಂತು.

"ಗುಮಾಸ್ತರ, ಮನಷ್ಯಾ ಅಂದಮ್ಯಾಗ ಮೈಮ್ಯಾಗ ನಾಕು ಹತ್ಯಾರ ಇರಬೇಕ್ರಿ," ಎಂದು ಹೇಳಿ ಅವರು ಜೀಪು ಹತ್ತಿದರು.

ದೊಡ್ಡವರು ಇಂಥ ಮಾತನ್ನು ಸುಮ್ಮನೆ ಬಾಯಿಗೆ ಬಂದಂತೆ ಆಡಿ ಹೋಗಿಬಿಡುತ್ತಾರೆ. ಅದನ್ನು ಮನಸ್ಸಿಗೆ ಹಚ್ಚಿಕೊಂಡವನ ಗತಿ ಏನೆಂದು ಯೋಚಿಸುವುದಿಲ್ಲ. ಈಶಪ್ಪನಿಗೆ ಆ ದಿನ ಊಟ ಸೇರಲಿಲ್ಲ. ಇಷ್ಟು ವರ್ಷ ತಾನು ಮೈಮೇಲೆ ಬರೀ ಅಂಗಿ ಹಾಕಿಕೊಂಡು ಬದುಕಿದೆನಲ್ಲ ಎಂದು ನಾಚಿಕೆಯಾಯಿತು. ಮರುದಿನವೇ ಯಾದಗಿರಿಯ ಬಸ್ಸು ಹತ್ತಿ ಸ್ಟೇಷನ್ ಹತ್ತಿರದ ಯಾಕೂಬಸಾಬನ ಗುಜರಿ ಅಂಗಡಿಗೆ ಹೋದ.

"ಏನ್ ಕೊಡ್ಲಿ ಸಾಹೇಬ್ರ?" ಎಂದ ಯಾಕೂಬಸಾಬ.

"ಎಲ್ಲಾ ಕೊಡ್ರಿ. ಆದರ ಸಣ್ಣವು ಕೊಡ್ರಿ."

"ಯಾವ ಕೆಲಸಕ್ಕ?"

"ಕೆಲಸ ಇನ್ನಾ ಬಂದಿಲ್ರಿ. ಬಂದಾಗ ಇರಲಿ ಅಂತ."

ಯಾಕೂಬಸಾಬ ಕನ್ನಡಕವನ್ನು ಹಣೆಗೇರಿಸಿ ಗಿರಾಕಿಯನ್ನು ಒಮ್ಮೆ ಪೂರ್ತಿ ನೋಡಿದ. "ಗುಳಿಗಿ ಮೊದಲು ತಗೊಂಡು ಆಮ್ಯಾಲ ಜಡ್ಡು ಹುಡುಕೋರು ನೀವ ಮೊದಲನೇದವರು ನೋಡ್ರಿ," ಎಂದು ಗುಡ್ಡೆಯನ್ನು ಕೆದಕಲು ಕುಳಿತ.

ಗುಡ್ಡೆಯಿಂದ ತಂತಿ ಹಿಡಿದು ಬಗ್ಗಿಸುವ ಒಂದು ಗೇಣುದ್ದದ ಪಕ್ಕಡ ಬಂತು, ಸ್ಕ್ರೂಡ್ರೈವರ್ ಬಂತು, ಕರೆಂಟು ನೋಡುವ ಟೆಸ್ಟರ್, ಮಡಿಸುವ ಚಾಕು, ನಟ್ಟು ತಿರುವುವ ಸೈಕಲ್ಲಿನ ಪಾನಾ, ಒಂದು ತುಂಡು ಅರ, ಮುಳ್ಳು ಕೀಳುವ ಚಿಮಟಾ ಬಂದವು. ಕೊನೆಗೆ, ಯಾರೂ ಕೇಳದಿದ್ದರೂ, ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಗೌಂಡಿಗಳು ದಾರ ಕಟ್ಟಿ ಇಳಿಬಿಡುವ ಹಿತ್ತಾಳೆಯ ತೂಗುಗುಂಡು ಉರುಳಿ ಬಂದು ಈಶಪ್ಪನ ಕಾಲ ಹತ್ತಿರ ನಿಂತಿತು. ಅದನ್ನು ಎತ್ತಿಕೊಂಡಾಗ ಅವನಿಗೆ ತಾನು ಅರ್ಧ ಇಂಜಿನಿಯರು ಎನ್ನಿಸಿತು.

ಮುಂದಿನ ಕಷ್ಟ ಇವೆಲ್ಲವನ್ನೂ ಕನ್ನಡಕದ ಡಬ್ಬಿಯಷ್ಟು ಚೀಲದಲ್ಲಿ ಹಿಡಿಸುವುದು. ಸ್ಕ್ರೂಡ್ರೈವರಿನ ಹಿಡಿ ಉದ್ದವಾಯಿತೆಂದು ಹಿಡಿಯನ್ನೇ ಕತ್ತರಿಸಿದ. ಈಗ ಅದು ಚೀಲದಲ್ಲಿ ಹಿಡಿಯುತ್ತಿತ್ತು, ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಪಕ್ಕಡದ ಒಂದು ಕಾಲನ್ನು ಕಮ್ಮಾರನಿಂದ ಬಾಗಿಸಿದ. ಅದು ಪೋಲಿಯೋ ಆದ ಕಪ್ಪೆಯಂತಾಯಿತು. ಚೀಲ ಹೊಲಿದುಕೊಟ್ಟವಳು ಮಗಳು ಚಂದಮ್ಮ. ಶಹಾಪುರದಲ್ಲಿ ಹೊಲಿಗೆ ಕಲಿತ ಹುಡುಗಿ. ಹಳೆಯ ಟಾರ್ಪಾಲಿನಲ್ಲಿ ಒಂದೊಂದು ಸಾಮಾನಿಗೂ ಒಂದೊಂದು ಮನೆ ಮಾಡಿ, ಸೊಂಟದ ಪಟ್ಟಿಗೆ ಸಿಕ್ಕಿಸಲು ಕೊಂಡಿ ಇಟ್ಟು ಹೊಲಿದಳು. ತನ್ನ ಕೊರಳಿನ ಉರುಲಿಗೆ ತಾನೇ ದಾರ ಪೋಣಿಸುತ್ತಿದ್ದೇನೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಚೀಲದ ಮೊದಲ ಬಲಿ ಪಕ್ಕದ ಮನೆಯ ತಿಮ್ಮವ್ವನ ಟ್ರಂಕು. ಅದರ ಚಿಲಕ ತೆಗೆಯಲು ಬರುತ್ತಿರಲಿಲ್ಲ. ಈಶಪ್ಪ ಕೈಹಚ್ಚಿದ ಮೇಲೆ ಹಾಕಲು ಬರದಂತಾಯಿತು.

"ತಮ್ಮಾ, ಮೊದಲ ಇದರಾಗ ನನ್ನ ಸೀರಿ ಸಿಕ್ಕೊಂಡಿದ್ವು. ಈಗ ಇಲಿ ಸಿಕ್ಕೊಂಡಾವ," ಎಂದಳು ತಿಮ್ಮವ್ವ.

"ಇರ್ಲಿ ಬಿಡ ಯಕ್ಕಾ, ತಗದೇವಲ್ಲ," ಎಂದ ಈಶಪ್ಪ. ತೆಗೆದದ್ದು ಅವನ ಲೆಕ್ಕದಲ್ಲಿ ಗೆಲುವೇ.

ಇದು ಹೀಗಿರುವಾಗಲೇ ಚಂದಮ್ಮನಿಗೆ ಸುರಪುರದ ಸಂಬಂಧ ಬಂತು. ಹುಡುಗ ಶಾಂತಪ್ಪ, ಶಹಾಪುರದಲ್ಲಿ ಪ್ರೈಮರಿ ಶಾಲೆಯ ಮಾಸ್ತರ. ಸಂಬಂಧ ಹಿರಿಯರು ತಂದದ್ದೆಂದು ಎಲ್ಲರೂ ನಂಬಿದ್ದರು. ಆದರೆ ಆ ಮಾಸ್ತರ ಹರಿಯದ ಚೀಲವನ್ನು ಹೊಲಿಸಲು ಚಂದಮ್ಮನ ಹೊಲಿಗೆ ಕ್ಲಾಸಿಗೆ ಮತ್ತೆ ಮತ್ತೆ ಬಂದು, ಕೊನೆಗೆ ಚೀಲದ ತುಂಬ ಹೊಲಿಗೆಯೇ ಆಗಿ ಪುಸ್ತಕ ಇಡಲು ಜಾಗವಿಲ್ಲದ ಸಂಗತಿ ಮೋನಮ್ಮನಿಗೆ ಗೊತ್ತಿತ್ತು. ತಾಯಂದಿರಿಗೆ ಗೊತ್ತಿರುತ್ತದೆ.

ಹುಡುಗಿಯನ್ನು ನೋಡಿ ಒಪ್ಪಿಯಾಗಿತ್ತು. ಉಳಿದದ್ದು ಮನೆ ನೋಡುವ ಶಾಸ್ತ್ರ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋಗಿ, ಚಹಾ ಕುಡಿದು, "ಮನಿ ಛಲೋ ಅದ" ಎಂದು ಹೇಳಿ ಬರಬೇಕು. ಅಷ್ಟೇ. ಮನೆ ಹೇಗಿದ್ದರೂ ಹೇಳಬೇಕಾದ ಮಾತು ಅದೊಂದೇ. ಆಮೇಲೆ ಒಳ್ಳೆಯ ದಿನ ನೋಡಿ ಹೆಣ್ಣಿನ ಮನೆಯ ಸಕ್ಕರೆ ಗಂಡಿನ ಮನೆಯ ಹಿರಿಹೆಂಗಸಿನ ನಾಲಿಗೆಗೆ ಬಿದ್ದರೆ ಮಾತು ಮುಗಿಯಿತು. ಮತ್ತೆ ಬ್ರಹ್ಮ ಬಂದರೂ ಬಿಡಿಸುವಂತಿಲ್ಲ.

ಹೊರಡುವಾಗ ಚಂದಮ್ಮ ಬಾಗಿಲಲ್ಲಿ ನಿಂತು ಹೇಳಿದಳು: "ಅಪ್ಪಾ, ಚೀಲ ಮನ್ಯಾಗ ಇಟ್ಟು ಹೋಗು."

"ಯಾಕವಾ? ಹಾದಿಮ್ಯಾಗ ಏನರ ಬೇಕಾದ್ರ?"

"ಬೇಕಾದ್ರ ಬ್ಯಾರೆದವರು ನೋಡ್ಕೋತಾರ. ನೀ ಅಲ್ಲಿ ಏನೂ ರಿಪೇರಿ ಮಾಡಬ್ಯಾಡ. ಇದೊಂದ ಮಾತು ನಡಸು."

ಈಶಪ್ಪ ಮಾತು ಕೊಟ್ಟ. ಚೀಲವನ್ನೂ ತೆಗೆದುಕೊಂಡು ಹೋದ. ರಿಪೇರಿ ಮಾಡಬೇಡ ಎಂದಳೇ ಹೊರತು ಸುಮ್ಮನೆ ಸೊಂಟದಲ್ಲಿ ಇರುವುದಕ್ಕೇನು ಎಂದು ಅವನ ಮನಸ್ಸಾಕ್ಷಿ ತೀರ್ಪು ಕೊಟ್ಟಿತು.

ಸುರಪುರಕ್ಕೆ ಹೋದವರು ಈಶಪ್ಪ, ಮೋನಮ್ಮ, ಮೋನಮ್ಮನ ತಮ್ಮ ಮರಿಲಿಂಗಪ್ಪ. ಹುಡುಗನ ತಂದೆ ಪಂಪಣ್ಣ ಕಿರಾಣಿ ಅಂಗಡಿಯವನು, ಮೆತ್ತನೆಯ ಮನುಷ್ಯ. ಅವನಲ್ಲಿಲ್ಲದ ಗಡಸನ್ನು ತುಂಬಲೆಂದೇ ದೇವರು ಅವನಿಗೆ ದೇವಕಮ್ಮ ಎಂಬ ಅಕ್ಕನನ್ನು ಕೊಟ್ಟಿದ್ದ. ಗಂಡ ತೀರಿದ ಮೇಲೆ ತವರಿಗೆ ಬಂದು ಮನೆಯ ಯಜಮಾನಿಕೆ ಹಿಡಿದಿದ್ದ ಆಕೆ ಕೆಮ್ಮಿದರೆ ಓಣಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು.

ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಈಶಪ್ಪನನ್ನು ಕೂರಿಸಿದ ಬಾಕು, ಅಂದರೆ ಮರದ ಉದ್ದನೆಯ ಬೆಂಚು, ಅಲುಗಾಡುತ್ತಿತ್ತು. ಅವನು ಆಚೆ ವಾಲಿದರೆ ಟಕ್, ಈಚೆ ವಾಲಿದರೆ ಟಕ್. ಅದೇ ಬಾಕಿನ ಮೇಲೆ ಪಕ್ಕದಲ್ಲೇ ದೇವಕಮ್ಮ ಕುಳಿತಿದ್ದಳು. ಈಶಪ್ಪ ಬಹಳ ತಡೆದುಕೊಂಡ. ಮಗಳಿಗೆ ಕೊಟ್ಟ ಮಾತು ನೆನೆಸಿಕೊಂಡ. ಬಾಕು ಮತ್ತೆ ಟಕ್ ಎಂದಿತು. ನಾಳೆ ಮಗಳು ಇದೇ ಬಾಕಿನ ಮೇಲೆ ಕೂತು ಬಿದ್ದರೆ? ಗೊತ್ತಿದ್ದೂ ಸುಮ್ಮನಿದ್ದ ತಂದೆ ಎನ್ನುವುದಿಲ್ಲವೇ ಜನ? ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಬಗ್ಗಿ, ಪಾನಾ ಹಾಕಿ, ಕಾಲಿನ ನಟ್ಟನ್ನು ಒಂದು ಸುತ್ತು ತಿರುವಿದ. ಬಿಗಿಯಾಗುವ ದಿಕ್ಕು ಯಾವುದು, ಸಡಿಲಾಗುವ ದಿಕ್ಕು ಯಾವುದು ಎಂಬ ಒಂದು ಸಣ್ಣ ವಿಷಯದಲ್ಲಿ ಅವನಿಗೆ ಯಾವಾಗಲೂ ಗೊಂದಲವಿತ್ತು.

ಬಾಕು ಕಾಲು ಚಾಚಿ ಮಲಗಿತು. ದೇವಕಮ್ಮ ಚಹಾದ ಬಟ್ಟಲಿನ ಸಮೇತ ನೆಲಕ್ಕಿಳಿದಳು.

"ಅಯ್ಯ! ನಮ್ಮ ಬಾಕು ಮುರಿದ್ರಲ್ಲೋ!"

"ಮುರಿದಿಲ್ರಿ ಅಕ್ಕಾರ, ಬಿಚ್ಚೇದ," ಎಂದ ಈಶಪ್ಪ ಪ್ರಾಮಾಣಿಕವಾಗಿ.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಬಿಡುತ್ತಿದ್ದರೇನೋ. ಆದರೆ ಬಗ್ಗಿದ ರಭಸಕ್ಕೆ ಚೀಲದಿಂದ ತೂಗುಗುಂಡು ಜಾರಿ ದಾರದ ತುದಿಯಲ್ಲಿ ಗೋಡೆಯ ಪಕ್ಕಕ್ಕೆ ಜೋತುಬಿದ್ದಿತು. ಈಶಪ್ಪನ ಕಣ್ಣು ಅದರ ಮೇಲೆ ಬಿತ್ತು. ದಾರ ನೆಟ್ಟಗಿತ್ತು. ಗೋಡೆ ನೆಟ್ಟಗಿರಲಿಲ್ಲ.

"ಭಾವಾ, ಗ್ವಾಡಿ ಹೆಂಗದ?" ಎಂದು ಮರಿಲಿಂಗಪ್ಪ ಕೇಳಿದ. ಮರಿಲಿಂಗಪ್ಪನಿಗೆ ಯಾವ ಮಾತನ್ನು ಎಲ್ಲಿ ಕೇಳಬಾರದು ಎಂಬುದರ ಪೂರ್ಣ ಜ್ಞಾನವಿತ್ತು, ಅಲ್ಲಿಯೇ ಕೇಳುತ್ತಿದ್ದ.

ಈಶಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಎರಡ ಬೆಟ್ಟು ವಾಲೇದ," ಎಂದು ಎರಡು ಬೆರಳು ತೋರಿಸಿದ.

ಶಾಸ್ತ್ರದ ಪ್ರಕಾರ ಹೇಳಬೇಕಾದ ಮಾತು ಇದಲ್ಲವೆಂದು ಮೋನಮ್ಮ ಗಂಡನ ಅಂಗಿಯ ತುದಿ ಜಗ್ಗಿದಳು. ಅಂಗಿ ಹರಿಯಿತು, ಮಾತು ಹಿಂದಕ್ಕೆ ಬರಲಿಲ್ಲ. ಆಗಲೇ ಬಾಗಿಲಲ್ಲಿ ನೆರೆಯವರು ಸೇರಿದ್ದರು.

"ಏನ್ ನಡದದ ಒಳಗ?"

"ಹೆಣ್ಣಿನ ಕಡಿಯವರು ಮನಿ ಪಾಸು ಮಾಡಾಕತ್ಯಾರಂತ."

"ಪಾಸ ಆತೇನು?"

"ಗ್ವಾಡಿ ಫೇಲಂತ. ಬಾಕು ಮೊದಲ ಫೇಲ ಆಗಿತ್ತು."

ಗಾಬರಿಯಾದ ಈಶಪ್ಪ ಮನೆಯ ಬಗ್ಗೆ ಏನಾದರೂ ಒಳ್ಳೆಯದನ್ನು ಹೇಳಿ ಸರಿಮಾಡಬೇಕೆಂದು, "ಕರೆಂಟರ ಭಾಳ ಛಲೋ ಇರಬೇಕ್ರಿ," ಎನ್ನುತ್ತ ಟೆಸ್ಟರ್ ತೆಗೆದು ಗೋಡೆಯ ಪ್ಲಗ್ಗಿಗೆ ಹಾಕಿದ. ಊರಿಗೇ ಕರೆಂಟು ಹೋಗಿತ್ತು. "ಇಲ್ಲ," ಎಂದ.

ದೇವಕಮ್ಮ ಎದ್ದು ಸೀರೆ ಕೊಡವಿದಳು. "ಪಂಪಣ್ಣಾ, ಬೀಗರು ಇನ್ನ ಬಾವ್ಯಾಗ ನೀರು ಹಸಿ ಅದಾವೋ ಇಲ್ಲೋ ನೋಡೋದು ಉಳದದ. ಅದನ್ನೂ ನೋಡ್ಕೊಂಡು ಹೋಗ್ಲಿ." ಆಮೇಲೆ ಈಶಪ್ಪನ ಕಡೆ ತಿರುಗಿದಳು. "ನಮ್ಮ ಗ್ವಾಡಿ ವಾಲ್ಯದ ಅಂದ್ರಲ್ಲ? ಬರೋ ಐತವಾರ ನಾವೂ ನಿಮ್ಮ ಮನಿ ನೋಡಾಕ ಬರತೀವಿ. ನೀವು ತಂದದ್ದು ದಾರ. ನಾವು ಏನ್ ತರತೀವಿ ನೋಡ್ತಿರ್ರಿ. ನಿಮ್ಮ ಮನಿ ಒಂದ ಬೆಟ್ಟು ತಪ್ಪಿದ್ರೂ ಈ ಸಂಬಂಧ ಆಗೂದಿಲ್ಲ."

ಬಾಗಿಲ ಮರೆಯಲ್ಲಿ ನಿಂತಿದ್ದ ಶಾಂತಪ್ಪ ಮಾಸ್ತರ ಹೊಲಿಗೆಯ ಚೀಲವನ್ನು ಎದೆಗೆ ಒತ್ತಿಕೊಂಡ.

ಮನೆಗೆ ಬಂದ ಮೇಲೆ ಮೋನಮ್ಮ ನೇರವಾಗಿ ಒಲೆಯ ಮುಂದೆ ಹೋಗಿ ಕುಳಿತಳು. ಚಂದಮ್ಮ ಅಪ್ಪನ ಮುಂದೆ ತಟ್ಟೆ ಇಟ್ಟು, "ಏನ್ ರಿಪೇರಿ ಮಾಡಿದಿ ಅಪ್ಪಾ?" ಎಂದು ಮಾತ್ರ ಕೇಳಿದಳು. ಅವನು ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟ. ಹುಡುಗಿ ಬೈದಿದ್ದರೆ ಸುಲಭವಿತ್ತು. ಅವಳು ಹೊಲಿಗೆ ಮಷೀನಿನ ಮುಂದೆ ಕೂತು, ದಾರವಿಲ್ಲದ ಸೂಜಿಯಲ್ಲಿ ಬಹಳ ಹೊತ್ತು ಬಟ್ಟೆ ಹೊಲಿದಳು.

ಐತವಾರ ಬಂತು. ಬೆಳಗಿನ ಬಸ್ಸಿನಿಂದ ಮೊದಲು ದೇವಕಮ್ಮ ಇಳಿದಳು, ಆಮೇಲೆ ಪಂಪಣ್ಣ, ಆಮೇಲೆ ಶಾಂತಪ್ಪ. ಅವರ ಹಿಂದೆ ಮೌಲಾಲಿ ಇಳಿದ. ಮೌಲಾಲಿ ಕಾಲುವೆ ಕ್ಯಾಂಪಿನಲ್ಲಿ ಸರ್ವೇ ಮಾಡುವವನು. ಪಂಪಣ್ಣನ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದ. ದೇವಕಮ್ಮನ ಮಾತಿಗೆ ಇಲ್ಲವೆಂದರೆ ಮರುದಿನ ಖೋಲಿ ಇರುವುದಿಲ್ಲವೆಂಬ ಕಾರಣಕ್ಕೆ ಅವನು ಬಸ್ಸಿನ ಮಾಳಿಗೆಯಿಂದ ಅತ್ತಿತ್ತ ನೋಡುತ್ತ ಇಳಿಸಿಕೊಂಡದ್ದು ಮೂರು ಕಾಲಿನ ಸ್ಟ್ಯಾಂಡು, ಕರಿ-ಬಿಳಿ-ಕೆಂಪು ಅಂಕಿಯ ಉದ್ದನೆಯ ಹಲಗೆ, ಮತ್ತು ಪೆಟ್ಟಿಗೆಯೊಳಗಿನ ಸರ್ಕಾರಿ ದುರ್ಬೀನು. ನೆಲದ ಏರುತಗ್ಗು ಅಳೆಯುವ ಯಂತ್ರ.

"ಅಕ್ಕಾರ, ಇದು ಸರಕಾರಿ ಸಾಮಾನು. ಯಾರಿಗರ ಗೊತ್ತಾದ್ರ ನನ್ನ ನೌಕ್ರಿ ಹೋಗ್ತದ್ರಿ," ಎಂದು ಅವನು ದಾರಿಯುದ್ದಕ್ಕೂ ಗೋಳಾಡಿದ್ದ.

"ಒಂದ ಮನಿ ನೋಡಾಕ ಎಷ್ಟೊತ್ತು? ಇಡು," ಎಂದಳು ದೇವಕಮ್ಮ.

ಮೌಲಾಲಿ ಓಣಿಯ ನಡುವೆ ಮೂರು ಕಾಲು ಊರಿದ. ಹಲಗೆ ಹಿಡಿಯಲು ಬೇರೆ ಯಾರೂ ಇರಲಿಲ್ಲ. ಮದುಮಗನಾಗಬೇಕಾದ ಶಾಂತಪ್ಪನೇ ಅದನ್ನು ಹಿಡಿದು, ಈಶಪ್ಪನ ಮನೆಯ ಹೊಸ್ತಿಲ ಮೇಲೆ, ಚಂದಮ್ಮನ ಎದುರಿಗೆ ನಿಂತ. ಲಗ್ನ ಮುರಿಯಲು ಬಂದವರು ಹುಡುಗ ಹುಡುಗಿಯನ್ನು ಹಲಗೆಯ ಮರೆಯಲ್ಲಿ ಇಷ್ಟು ಹತ್ತಿರ ನಿಲ್ಲಿಸಿದ್ದು ದೊಡ್ಡ ಅಚಾತುರ್ಯವೇ.

"ನೆಟ್ಟಗ ಹಿಡೀರಿ ಮಾಸ್ತರ!" ಎಂದು ಮೌಲಾಲಿ ಕೂಗಿದ. ಹಲಗೆ ಚಂದಮ್ಮನ ಕಡೆಗೇ ವಾಲುತ್ತಿತ್ತು.

"ನನಗ ನೋಡಾಕ ಬಿಡು," ಎಂದು ದೇವಕಮ್ಮ ಮೌಲಾಲಿಯನ್ನು ಸರಿಸಿ ದುರ್ಬೀನಿಗೆ ಕಣ್ಣು ಹಚ್ಚಿದಳು. ಹಳೆಯ ಕಾಲದ ಆ ದುರ್ಬೀನಿನಲ್ಲಿ ಕಾಣುವುದೆಲ್ಲ ತಲೆಕೆಳಗಾಗಿಯೇ ಕಾಣುತ್ತದೆ, ಅಳೆಯುವವರಿಗೆ ರೂಢಿ. ದೇವಕಮ್ಮನಿಗೆ ಈ ವಿಷಯವನ್ನು ಯಾರೂ ಹೇಳಿರಲಿಲ್ಲ.

"ಯಪ್ಪಾ! ಮನಿ ಬುಡಮ್ಯಾಗ ಆಗ್ಯದೋ!" ಎಂದು ಆಕೆ ಕಿರುಚಿದಳು. "ಹುಡುಗಿ ಕಾಲು ಮ್ಯಾಗ ಮಾಡಿ ಜೋತುಬಿದ್ದಾಳ! ನಮ್ಮ ಶಾಂತೂನೂ ಬಿದ್ದಾನ! ಪಂಪಣ್ಣಾ, ಇಂಥಾ ಮನಿ ಹೆಣ್ಣು ತರೂದು ಬ್ಯಾಡ, ಎಲ್ಲಾರೂ ಬಾವುಲಿ ಅದಾರಿಲ್ಲಿ!"

ಈ ಕಿರುಚಾಟಕ್ಕೆ ಓಣಿಯ ಬಾಗಿಲುಗಳೆಲ್ಲ ತೆರೆದವು. ಓಣಿಯವರು ದೇವಕಮ್ಮನನ್ನು ನೋಡಲಿಲ್ಲ. ಅವರು ನೋಡಿದ್ದು ಮೂರು ಕಾಲಿನ ಮೇಲೆ ನಿಂತ ದುರ್ಬೀನನ್ನು. ಕಾಲುವೆ ಸೀಮೆಯಲ್ಲಿ ಆ ಯಂತ್ರದ ಅರ್ಥ ಎಲ್ಲರಿಗೂ ಗೊತ್ತು. ಅದು ಎಲ್ಲಿ ಕಾಲೂರಿತೋ ಅಲ್ಲಿ ಮುಂದೆ ಗೂಟ ಬರುತ್ತದೆ, ಗೂಟದ ಹಿಂದೆ ಬುಲ್ಡೋಜರು ಬರುತ್ತದೆ, ಅದರ ಹಿಂದೆ ನೀರು ಬರುತ್ತದೆ.

"ಉಪಕಾಲುವಿ ನಮ್ಮ ಓಣ್ಯಾಗ ಹಾದು ಹೊಂಟದ!" ಎಂದು ಯಾರೋ ಕೂಗಿದರು.

ಮುಂದೆ ನಡೆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ. ಎಲ್ಲ ಒಟ್ಟಿಗೇ ನಡೆಯಿತು. ಮುಳುಗಿದ ಗಿಡಕ್ಕೆ, ಮನೆಗೆ, ಕೊಟ್ಟಿಗೆಗೆ ಸರ್ಕಾರ ಪರಿಹಾರ ಕೊಡುತ್ತದೆಂದು ಕೇಳಿದ್ದ ತಿಮ್ಮವ್ವ ಬೇರೆಯವರ ಲಿಂಬೆಗಿಡದ ಟೊಂಗೆಗಳನ್ನು ಮುರಿದು ತಂದು ತನ್ನ ತಿಪ್ಪೆಯಲ್ಲಿ ಸಾಲಾಗಿ ನೆಟ್ಟಳು. "ತ್ವಾಟ ಬರಕೋರಿ ಸಾಹೇಬ್ರ! ಹತ್ತು ವರ್ಷದ ತ್ವಾಟ!" ಎಂದು ಮೌಲಾಲಿಗೆ ಕೂಗಿ ಹೇಳಿದಳು. ಹಿಡಿಯುದ್ದದ ತೋಟ ಬಿಸಿಲಿಗೆ ಆಗಲೇ ಬಾಡುತ್ತಿತ್ತು. ಒಬ್ಬ ನಾಲ್ಕು ಕಟ್ಟಿಗೆ ಊರಿ ಮೇಲೆ ಕಂಬಳಿ ಹಾಸಿ ಅದು ತನ್ನ ಹಿಟ್ಟಿನ ಗಿರಣಿ ಎಂದ. ಎದುರುಗಡೆ ಚಹಾದಂಗಡಿ ಇಟ್ಟಿದ್ದ ದಾವಲಬೀ ಮಾತ್ರ ಕಾಲುವೆ ಬೇಡವೆನ್ನುವ ಪಕ್ಷ. ಆಕೆ ತನ್ನ ಎಮ್ಮೆಯನ್ನು ಎಳೆದು ತಂದು ದುರ್ಬೀನಿನ ಮೂತಿಗೇ ಅಡ್ಡ ನಿಲ್ಲಿಸಿದಳು. "ಮೊದಲ ನನ್ನ ಎಮ್ಮಿ ಮ್ಯಾಗ ಹಾದು ಹೋಗ್ಲಿ ನಿಮ್ಮ ಕಾಲುವಿ. ಆಮ್ಯಾಲ ನನ್ನ ಅಂಗಡಿ!"

ಪಂಚಾಯ್ತಿ ಚೇರ್ಮನ್ ಚಂದ್ರಾಮಪ್ಪ ತಲೆಗೆ ಪಟಕಾ ಸುತ್ತಿಕೊಳ್ಳುತ್ತಲೇ ಓಡಿಬಂದ. ಮೌಲಾಲಿಯ ಕಿವಿಯ ಹತ್ತಿರ ಬಗ್ಗಿ, "ನನ್ನ ಮನಿ ಹತ್ರ ಬಂದಾಗ ಕಾಲುವಿ ಒಂದೀಟ ಎಡಕ ಬಗ್ಗಿಸ್ರಿ," ಎಂದ. ಎಡಕ್ಕೆ ಅವನ ವಿರೋಧಿಯ ಮನೆಯಿತ್ತು.

"ಅಣ್ಣಾರ, ಕಾಲುವಿ ಅಲ್ರಿ ಇದು," ಎಂದು ಮೌಲಾಲಿ ಕೈಮುಗಿದ. ಸುದ್ದಿ ಕ್ಯಾಂಪಿಗೆ ಮುಟ್ಟಿದರೆ ತಾನು ಮುಳುಗಿದಂತೆಯೇ ಎಂದು ಅವನಿಗೆ ತಿಳಿದಿತ್ತು. "ಇದು ಮದುವಿ!"

ಓಣಿ ಹೋ ಎಂದು ನಕ್ಕಿತು.

"ಮದುವಿಗೆ ಯಾರರ ದುರ್ಬೀನು ಇಡ್ತಾರೇನೋ? ಅಕ್ಕಿಕಾಳು ಎಲ್ಲಿ ಬೀಳ್ತಾವ ಅಂತ ನೋಡಾಕೇನು?"

"ನಮ್ಮನ್ನ ಹಳ್ಳಿ ಮಂದಿ ಅಂತ ಮಾಡೀಯೇನು?"

ಚಂದ್ರಾಮಪ್ಪ ಗಂಟಲು ಸರಿಮಾಡಿಕೊಂಡ. ಇಡೀ ಓಣಿ ಅವನ ಮುಖ ನೋಡುತ್ತಿತ್ತು, ಚುನಾವಣೆ ಹತ್ತಿರವಿತ್ತು. "ಕೇಳ್ರಿ. ಇದು ಖರೇನ ಮದುವಿ ಆದ್ರ ಈಗಿಂದೀಗ ಎಲ್ಲಾರ ಮುಂದ ಸಕ್ರಿ ಹಂಚ್ರಿ. ಇಲ್ಲಂದ್ರ ಈ ದುರ್ಬೀನು ಪಂಚಾಯ್ತ್ಯಾಗ ಜಪ್ತಿ. ಕ್ಯಾಂಪಿನ ಸಾಹೇಬ್ರು ಬಂದು ಬಿಡಿಸ್ಕೊಂಡು ಹೋಗ್ಲಿ."

ಮೌಲಾಲಿ ದುರ್ಬೀನನ್ನು ತಬ್ಬಿಕೊಂಡು ನೆಲದ ಮೇಲೆ ಕುಳಿತುಬಿಟ್ಟ. ಪಂಪಣ್ಣ ಅಕ್ಕನ ಮುಖ ನೋಡಿದ.

"ಸಕ್ರಿ ಗಿಕ್ರಿ ಇಲ್ಲ," ಎಂದಳು ದೇವಕಮ್ಮ. "ತಲಿಕೆಳಗ ಇರೋ ಮನಿ ಹೆಣ್ಣು ನಮಗ ಬ್ಯಾಡ."

ಎಲ್ಲರೂ ಈಗ ಈಶಪ್ಪನ ಕಡೆ ತಿರುಗಿದರು. "ನೀ ಹೇಳೋ ಗುಮಾಸ್ತ. ಇದು ಮದುವಿ ಹೌದೋ ಅಲ್ಲೋ?"

ಈಶಪ್ಪ ನೇರ ಮನುಷ್ಯ. ಮದುವೆ ಮುರಿದಂತೆಯೇ ಇದೆ. ಇದ್ದದ್ದನ್ನು ಇದ್ದಂತೆ ಹೇಳಬೇಕು. ಎರಡು ಬೆಟ್ಟು ವಾಲಿದ್ದರೆ ಎರಡು ಬೆಟ್ಟು ಎಂದೇ ಹೇಳಬೇಕು. ಬಾಯಿ ತೆರೆದ. ಹಲಗೆಯ ಮರೆಯಿಂದ ಚಂದಮ್ಮ ಅಪ್ಪನನ್ನು ನೋಡಿದಳು. ಕೋಪವಿರಲಿಲ್ಲ ಆ ಮುಖದಲ್ಲಿ, ಬೇಡಿಕೆಯೂ ಇರಲಿಲ್ಲ. ಬಿರುಕು ಬಿಟ್ಟ ಗಡಿಗೆಯನ್ನು ಮಗುವಿನ ಕೈಗೆ ಕೊಟ್ಟವರ ಮುಖದಲ್ಲಿರುವ ಭಯ ಇತ್ತು. ಈಶಪ್ಪ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ. ಕಷ್ಟಪಟ್ಟು ಮುಚ್ಚಿದ, ಹಲ್ಲು ಕಟ್ ಎಂದದ್ದು ದಾವಲಬೀಯ ಎಮ್ಮೆಗೂ ಕೇಳಿಸಿತು.

ಆ ಮೌನದ ಸಂದಿಯಲ್ಲಿ, "ಹೌದ್ರಿ, ಮದುವಿನ," ಎಂಬ ದನಿ ಬಂತು. ಹಲಗೆ ಹಿಡಿದೇ ನಿಂತಿದ್ದ ಶಾಂತಪ್ಪ ಮಾಸ್ತರ. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಹುಡುಗ ಎಂದು ಸುರಪುರದಲ್ಲಿ ಹೆಸರಾದವನು.

"ಶಾಂತೂ!" ಎಂದಳು ದೇವಕಮ್ಮ.

"ಅತ್ತಿ, ದುರ್ಬೀನ್ಯಾಗ ಎಲ್ಲಾರೂ ತಲಿಕೆಳಗ ಕಾಣತಾರ. ನೀನೂ ನಿಂತು ನೋಡು, ನೀನೂ ಹಂಗ ಕಾಣತಿ."

"ನಾ ಯಾಕ ತಲಿಕೆಳಗ ಕಾಣಲೋ?"

"ಹೌದ್ರಿ ಅಕ್ಕಾರ, ಅದರ ಗುಣಾನ ಅದು," ಎಂದು ಮೌಲಾಲಿ ನೆಲದಿಂದಲೇ ಸಾಕ್ಷಿ ಹೇಳಿದ. "ವಿಧಾನಸೌಧ ಇಟ್ರೂ ಬುಡಮ್ಯಾಗ ಕಾಣ್ತದ್ರಿ."

ದೇವಕಮ್ಮ ಒಪ್ಪಲು ಸಿದ್ಧಳಿರಲಿಲ್ಲ. ಆದರೆ ಅಷ್ಟರಲ್ಲಿ ಚಂದಮ್ಮ ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದಿದ್ದಳು. ಓಣಿ ಉಸಿರು ಬಿಗಿಹಿಡಿಯಿತು. ಚಂದಮ್ಮ ಮುಚ್ಚಳ ಎಳೆದಳು, ಬರಲಿಲ್ಲ. ಮೋನಮ್ಮ ಎಳೆದಳು, ಬರಲಿಲ್ಲ. ಹೋದ ಮಳೆಗಾಲದ ತೇವಕ್ಕೆ ಬಾಯಂಚಿನ ಸಕ್ಕರೆ ಅಂಟಿಕೊಂಡು ಮುಚ್ಚಳವನ್ನು ಕಚ್ಚಿ ಹಿಡಿದಿತ್ತು.

ಈಶಪ್ಪನ ಕೈ ಸೊಂಟಕ್ಕೆ ಹೋಯಿತು.

"ಅಪ್ಪಾ, ಕೈ ಹಚ್ಚಬ್ಯಾಡ!" ಎಂದಳು ಚಂದಮ್ಮ. "ಹಚ್ಚಬ್ಯಾಡ್ರಿ ಮಾವಾರ!" ಎಂದ ಶಾಂತಪ್ಪ, ಮಾವ ಎಂದದ್ದು ಓಣಿಯೆಲ್ಲ ಕೇಳಿತು. "ಅವನ್ನ ಹಿಡೀರೋ!" ಎಂದಳು ತಿಮ್ಮವ್ವ, ಟ್ರಂಕಿನ ಅನುಭವದಿಂದ. ಮರಿಲಿಂಗಪ್ಪ ಭಾವನ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿ ಹಿಡಿದ.

"ಕೊಡಿಲ್ಲೆ!" ಎಂದು ದೇವಕಮ್ಮ ಡಬ್ಬಿ ಕಸಿದುಕೊಂಡಳು. ಹೆಣ್ಣು ತರುವುದು ಬಿಡುವುದು ಆಮೇಲಿನ ಮಾತು; ಹತ್ತು ಜನರ ಮುಂದೆ ಒಂದು ಡಬ್ಬಿ ತೆಗೆಯಲು ಬಾರದ ಜನರನ್ನು ನೋಡುತ್ತ ನಿಲ್ಲುವುದು ಆಕೆಯಿಂದ ಆಗದ ಕೆಲಸ. ಡಬ್ಬಿಯನ್ನು ಹೊಟ್ಟೆಗೆ ಒತ್ತಿ, ಹಲ್ಲು ಕಚ್ಚಿ, ಮುಚ್ಚಳವನ್ನು ಒಮ್ಮೆಲೇ ಕಿತ್ತಳು.

ಡಬ್ಬಿ ಬಾಯಿ ಬಿಟ್ಟ ರಭಸಕ್ಕೆ ಸಕ್ಕರೆ ಮೇಲಕ್ಕೆ ಚಿಮ್ಮಿತು. ಚೇರ್ಮನ್ನರ ಪಟಕಾದ ಮೇಲೆ, ಎಮ್ಮೆಯ ಬೆನ್ನ ಮೇಲೆ, ದುರ್ಬೀನಿನ ಮೇಲೆ, ತಿಮ್ಮವ್ವನ ತೋಟದ ಮೇಲೆ ಬಿತ್ತು. ಎಲ್ಲಕ್ಕಿಂತ ಹೆಚ್ಚು ದೇವಕಮ್ಮನ ಮುಖದ ಮೇಲೆ ಬಿತ್ತು. ಆಕೆ ಬೈಯಲೆಂದು ಬಾಯಿ ತೆರೆದಳು. ತುಟಿ ಒರೆಸಿಕೊಳ್ಳುವಂತೆ ನಾಲಿಗೆ ಹೊರಗೆ ಬಂದು ಒಳಗೆ ಹೋಯಿತು.

ಓಣಿಯ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು: "ನೆಕ್ಕಿದ್ಲು! ಬಾಯಾಗ ಹ್ವಾತು!"

"ನಾ ನೆಕ್ಕಿಲ್ಲ!"

"ನಾವು ಕಂಡೀವಿ! ಸಕ್ರಿ ನಾಲಿಗಿಗೆ ಹತ್ತೇದ!" ಎಂದಳು ದಾವಲಬೀ, ಕಾಲುವೆ ತಪ್ಪಿದ ಸಂತೋಷಕ್ಕೆ.

ದೇವಕಮ್ಮ ನಿಂತಲ್ಲೇ ನಿಂತಳು. ಬಾಯಿಯೊಳಗೆ ಸಕ್ಕರೆ ಕರಗುತ್ತಿತ್ತು, ಅದನ್ನು ಉಗುಳಿದರೆ ಮನೆತನಕ್ಕೆ ಅಪಶಕುನ, ನುಂಗಿದರೆ ಸೋಲು. ಆಕೆ ತಮ್ಮನನ್ನು ನೋಡಿದಳು, ಹಲಗೆಯ ಮರೆಯ ಇಬ್ಬರನ್ನು ನೋಡಿದಳು. ಹಲಗೆ ಮೊದಲಿಗಿಂತ ಹೆಚ್ಚು ವಾಲಿತ್ತು. ಕೊನೆಗೆ ನುಂಗಿದಳು.

"ಸಕ್ರಿ ಹಳೇದು," ಎಂದಳು. "ಮದುವಿಗೆ ಹೊಸಾದು ತರಸ್ರಿ."

ಮೋನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಚಂದ್ರಾಮಪ್ಪ ತನ್ನ ಪಟಕಾದ ಮೇಲಿನ ಸಕ್ಕರೆಯನ್ನೇ ಕೊಡವಿ ಜನರಿಗೆ ಹಂಚಿದ. ಎಲ್ಲರೂ ಸಂತೋಷಪಟ್ಟರು ಎಂದರೆ ಸುಳ್ಳಾಗುತ್ತದೆ. "ಹಂಗಾದ್ರ ಕಾಲುವಿ ಬರೂದಿಲ್ಲೇನು?" ಎಂದು ತಿಮ್ಮವ್ವ ಮೌಲಾಲಿಯ ಬೆನ್ನು ಹತ್ತಿದಳು. "ನನ್ನ ತ್ವಾಟಕ್ಕ ನೀರು ಯಾರು ಹಾಕ್ತಾರ?"

ಸಂಜೆ ಬೀಗರನ್ನು ಬಸ್ಸಿಗೆ ಹತ್ತಿಸಲು ಈಶಪ್ಪನ ಮನೆಯವರೆಲ್ಲ ಹೋದರು. ದೇವಕಮ್ಮ ಕಿಟಕಿಯ ಹತ್ತಿರ ಕುಳಿತಳು, ಮೌಲಾಲಿ ದುರ್ಬೀನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡ. ಡ್ರೈವರ್ ಗಾಡಿ ಶುರು ಮಾಡಲು ನೋಡಿದ. ಗಾಡಿ ಗರಗರ ಎಂದು ಸುಮ್ಮನಾಯಿತು. ಮತ್ತೆ ನೋಡಿದ, ಮತ್ತೆ ಸುಮ್ಮನಾಯಿತು. ಅವನು ಕೆಳಗಿಳಿದು, ಮುಂದಿನ ಮುಚ್ಚಳ ಎತ್ತಿ, ನಿಂತಿದ್ದ ಜನರ ಕಡೆ ತಿರುಗಿದ.

"ಯಾರ ಹತ್ರಾರ ಒಂದು ಪಾನಾ ಅದ ಏನ್ರಿ?"

ಈಶಪ್ಪ ಇಷ್ಟು ದಿನ ಕಾದಿದ್ದ ಕೆಲಸ ಕಡೆಗೂ ತಾನಾಗಿ, ಪಾನಾದ ಹೆಸರು ಹಿಡಿದು ಕೇಳಿಕೊಂಡು ಬಂದಿತ್ತು. ಪಂಪಣ್ಣ ಕಣ್ಣು ಮುಚ್ಚಿಕೊಂಡ. ಶಾಂತಪ್ಪ ಮುಂದಿನ ಸೀಟಿನ ಸರಳು ಹಿಡಿದ. ಚಂದಮ್ಮ ಅಪ್ಪನ ಕಡೆ ನೋಡಲಿಲ್ಲ. ನೆಲ ನೋಡುತ್ತ ನಿಂತಳು.

ಈಶಪ್ಪ ಅಂಗಿಯನ್ನು ಕೆಳಗೆ ಎಳೆದು ಸೊಂಟವನ್ನು ಪೂರ್ತಿ ಮುಚ್ಚಿಕೊಂಡ.

"ನನ್ನ ಹತ್ರ ಇಲ್ರಿ," ಎಂದ.

ಬಸ್ಸಿಗೆ ಬಸ್ಸೇ ಉಸಿರು ಬಿಟ್ಟಿತು. ನೂಕೋಣ ಎಂದರು ಯಾರೋ. ಗಂಡಸರೆಲ್ಲ ಇಳಿದು ಹಿಂದೆ ಹೋದರು, ಈಶಪ್ಪನೂ ಹೋಗಿ ಎರಡೂ ಅಂಗೈ ಊರಿ ಭುಜ ಕೊಟ್ಟ. ಬಸ್ಸು ಒಮ್ಮೆ ಕೆಮ್ಮಿತು, ಅಲುಗಿತು, ಹೊರಟಿತು. ಇಳಿದವರು ಓಡಿ ಓಡಿ ಹತ್ತಿದರು. ಈಶಪ್ಪ ಮಾತ್ರ ಸಂತೋಷದಲ್ಲಿ ಬಿಡುವುದನ್ನು ಮರೆತು ನೂಕುತ್ತಲೇ ಹಿಂದೆ ಓಡುತ್ತಿದ್ದ. ದೇವಕಮ್ಮ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಸುರಪುರದವರೆಗೆ ಕೇಳುವ ದನಿಯಲ್ಲಿ ಕೂಗಿದಳು:

"ಬೀಗರ, ಸಾಕ್ರಿ, ಕೈ ತಗೀರಿ! ಗಾಡಿ ಬಿಚ್ಚೀತು!"